ವಿಂಡೋ ಪ್ರೋಗ್ರಾಂನಲ್ಲಿ ಬಳಕೆದಾರರು ಬರೆದದ್ದನ್ನು ಓದುವುದು: ಯಾವ ಪೆಟ್ಟಿಗೆ, ಯಾವ ಗಳಿಗೆ?

ಟರ್ಮಿನಲ್‌ನಲ್ಲಿ ಓಡುವ ಪೈಥಾನ್ ಪ್ರೋಗ್ರಾಂ ‘ಇನ್‌ಪುಟ್’ ಇರುವ ಸಾಲಿಗೆ ಬಂದರೆ ಅಲ್ಲೇ ನಿಲ್ಲುತ್ತದೆ. ಟೈಪ್ ಮಾಡಿ ಎಂಟರ್ ಒತ್ತುವ ತನಕ ಮುಂದಿನ ಸಾಲಿಗೆ ಹೋಗುವುದಿಲ್ಲ. ವಿಂಡೋ ಪ್ರೋಗ್ರಾಂ ಹೀಗೆ ಕಾಯುವುದಿಲ್ಲ. ಪೆಟ್ಟಿಗೆಯನ್ನು ಪರದೆಗೆ ಇಟ್ಟ ಕೂಡಲೇ ಮುಂದಿನ ಸಾಲು ಓಡಿಹೋಗುತ್ತದೆ. ಆ ಸಾಲಿನಲ್ಲೇ, ಪೆಟ್ಟಿಗೆಯಲ್ಲಿರುವುದನ್ನು ಓದುವ ‘ಗೆಟ್’ ಕರೆದರೆ ಸಿಗುವುದು ಖಾಲಿ ಸ್ಟ್ರಿಂಗ್, ಏಕೆಂದರೆ ಬಳಕೆದಾರರಿಗೆ ವಿಂಡೋ ಇನ್ನೂ ಕಂಡೇ ಇಲ್ಲ. ಹೊಸಬರು ಮೊದಲ ದಿನವೇ ಎಡವುವ ಜಾಗ ಇದು.

ಆದ್ದರಿಂದ ಯಾವ ಪೆಟ್ಟಿಗೆ ಹಾಕಲಿ ಎಂದು ಯೋಚಿಸುವ ಮೊದಲು, ಅದರಲ್ಲಿರುವುದನ್ನು ಯಾವಾಗ ಓದಲಿ ಎಂಬುದನ್ನು ತೀರ್ಮಾನಿಸಿ. ಬಟನ್ ಒತ್ತಿದಾಗಲೋ, ಎಂಟರ್ ಒತ್ತಿದಾಗಲೋ, ಒಂದೊಂದು ಅಕ್ಷರಕ್ಕೂ ಓದಬೇಕೋ, ಪೆಟ್ಟಿಗೆ ಬಿಟ್ಟು ಬೇರೆಡೆಗೆ ಹೋದಾಗಲೋ? ಇದು ಗೊತ್ತಾದರೆ ಪೆಟ್ಟಿಗೆಯ ಆಯ್ಕೆ ಅರ್ಧ ಮುಗಿದಂತೆ. ಇಲ್ಲಿ ಮುಖ್ಯವಾಗಿ ಪೈಥಾನ್‌ನ ಟಿಕಿಂಟರ್ ಎಂಬ ವಿಂಡೋ ಕಟ್ಟುವ ಲೈಬ್ರರಿ ಹಿಡಿದು ಹೇಳಿದ್ದೇವೆ. ಇಂಥವೇ ಲೈಬ್ರರಿಗಳಾದ ಕ್ಯೂಟಿ ಮತ್ತು ಜಾವಾ ಸ್ವಿಂಗ್ ಬೇರೆ ದಾರಿ ಹಿಡಿಯುವಲ್ಲಿ ಅದನ್ನೂ ತಿಳಿಸಿದ್ದೇವೆ.

ಪಾಪ್‌ಅಪ್ ಡೈಲಾಗೋ, ವಿಂಡೋದೊಳಗಿನ ಪೆಟ್ಟಿಗೆಯೋ

ಒಂದೇ ಒಂದು ಪ್ರಶ್ನೆ, ಉತ್ತರ ಸಿಗುವವರೆಗೆ ಬೇರೆ ಕೆಲಸವಿಲ್ಲ ಎಂದಾದರೆ ಪಾಪ್‌ಅಪ್ ಡೈಲಾಗ್ ಸಾಕು. ಕಡತಕ್ಕೊಂದು ಹೆಸರು ಕೇಳುವುದು, ಎಷ್ಟು ಪ್ರತಿ ಬೇಕೆಂದು ಕೇಳುವುದು ಇಂಥ ಸಂದರ್ಭಗಳು. ಟಿಕಿಂಟರ್‌ನ ‘ಸಿಂಪಲ್‌ಡೈಲಾಗ್’ ಮಾಡ್ಯೂಲ್‌ನಲ್ಲಿ ‘ಆಸ್ಕ್‌ಸ್ಟ್ರಿಂಗ್’, ‘ಆಸ್ಕ್‌ಇಂಟಿಜರ್’, ‘ಆಸ್ಕ್‌ಫ್ಲೋಟ್’ ಎಂಬ ಮೂರು ಫಂಕ್ಷನ್‌ಗಳಿವೆ. ಟರ್ಮಿನಲ್‌ನ ‘ಇನ್‌ಪುಟ್’ ಹಾಗೆ ಇವೂ ಉತ್ತರ ಬರುವ ತನಕ ನಿಂತು ಕಾಯುತ್ತವೆ. ಟರ್ಮಿನಲ್‌ನಿಂದ ಬಂದವರಿಗೆ ಇವು ಒಗ್ಗುವುದು ಅದಕ್ಕೇ. ‘ಆಸ್ಕ್‌ಇಂಟಿಜರ್’ಗೆ ಕನಿಷ್ಠ ಮತ್ತು ಗರಿಷ್ಠ ಮಿತಿ ಕೊಡಬಹುದು. ಬಳಕೆದಾರರು ಅಕ್ಷರ ಬರೆದರೆ ಅದೇ ಎಚ್ಚರಿಸಿ ಮತ್ತೆ ಕೇಳುತ್ತದೆ, ನೀವು ಒಂದು ಸಾಲು ಕೋಡ್ ಕೂಡ ಬರೆಯಬೇಕಿಲ್ಲ.

ಆದರೆ ‘ಕ್ಯಾನ್ಸಲ್’ ಬಗ್ಗೆ ಎಚ್ಚರವಿರಲಿ. ಕ್ಯಾನ್ಸಲ್ ಒತ್ತಿದರೆ ಬರುವ ಉತ್ತರ ‘ನನ್’, ಪೈಥಾನ್‌ನಲ್ಲಿ ‘ಏನೂ ಇಲ್ಲ’ ಎಂದು ಹೇಳುವ ಬೆಲೆ. ಏನೂ ಬರೆಯದೆ ಓಕೆ ಒತ್ತಿದರೆ ಬರುವುದು ಖಾಲಿ ಸ್ಟ್ರಿಂಗ್. ‘ಇಫ್ ನಾಟ್’ ಎಂದು ಪರೀಕ್ಷಿಸಿದರೆ ಎರಡೂ ಒಂದೇ ಆಗಿಬಿಡುತ್ತವೆ. ಅಂಕಿಯ ಡೈಲಾಗ್‌ನಲ್ಲಂತೂ 0 ಎಂದು ಸರಿಯಾಗಿ ಬರೆದು ಓಕೆ ಒತ್ತಿದವರನ್ನೂ ಕ್ಯಾನ್ಸಲ್ ಮಾಡಿದವರ ಪಟ್ಟಿಗೆ ಸೇರಿಸಿಬಿಡುತ್ತದೆ. ಪರೀಕ್ಷೆ ಯಾವಾಗಲೂ ‘ಈಸ್ ನನ್’ ಎಂದೇ ಇರಲಿ. ಸ್ವಿಂಗ್‌ನ ‘ಶೋಇನ್‌ಪುಟ್‌ಡೈಲಾಗ್’ ಇಲ್ಲಿ ‘ನಲ್’ ಕೊಡುತ್ತದೆ. ಅದರ ಮೇಲೆ ನೇರವಾಗಿ ‘ಟ್ರಿಮ್’ ಕರೆದರೆ ನಲ್ ಪಾಯಿಂಟರ್ ಎರರ್ ಬಂದು ನಿಲ್ಲುತ್ತದೆ. ಪೈಥಾನ್‌ನಿಂದ ಕ್ಯೂಟಿ ಬಳಸಿದರೆ ಪಠ್ಯ ಒಂದು, ಓಕೆ ಒತ್ತಿದರೋ ಇಲ್ಲವೋ ಎಂಬುದು ಇನ್ನೊಂದು, ಹೀಗೆ ಎರಡು ಬೆಲೆಗಳು ಜೊತೆಯಾಗಿ ಬರುತ್ತವೆ. ಮೂರರಲ್ಲಿ ನಮಗೆ ಹೆಚ್ಚು ಹಿಡಿಸಿದ್ದು ಈ ರೀತಿ, ಗೊಂದಲಕ್ಕೆ ಎಡೆಯೇ ಇಲ್ಲ.

ಮೂರು ಪ್ರಶ್ನೆಗೆ ಮೂರು ಡೈಲಾಗ್ ಸಾಲಾಗಿ ಎದ್ದುಬರುವಂತೆ ಮಾಡಬೇಡಿ. ಮೂರನೆಯದಕ್ಕೆ ಬಂದಾಗ ಮೊದಲನೆಯದರಲ್ಲಿ ತಪ್ಪು ಬರೆದದ್ದು ನೆನಪಾದರೆ ಹಿಂದೆ ಹೋಗಲು ದಾರಿಯಿಲ್ಲ. ಎರಡಕ್ಕಿಂತ ಹೆಚ್ಚು ಪ್ರಶ್ನೆಗಳಿದ್ದರೆ ಎಲ್ಲ ಪೆಟ್ಟಿಗೆಗಳನ್ನೂ ಒಂದೇ ವಿಂಡೋದಲ್ಲಿಟ್ಟು, ಕೆಳಗೊಂದು ಬಟನ್ ಹಾಕಿ.

ಯಾವ ಪೆಟ್ಟಿಗೆ

ಒಂದು ಸಾಲಿನ ಉತ್ತರಕ್ಕೆ ‘ಎಂಟ್ರಿ’. ಇದರ ‘ವಿಡ್ತ್’ ತಾನಾಗಿ 20 ಇರುತ್ತದೆ. ಅದು ಕಣ್ಣಿಗೆ ಕಾಣುವ ಅಗಲ ಮಾತ್ರ. ಬರೆಯುವುದಕ್ಕೆ ಮಿತಿಯಲ್ಲ, 200 ಅಕ್ಷರವನ್ನೂ ಬರೆಯಬಹುದು. ಓದಲು ‘ಗೆಟ್’ ಸಾಕು, ಆವರಣದಲ್ಲಿ ಏನೂ ಕೊಡಬೇಕಿಲ್ಲ.

‘ಎಂಟ್ರಿ’ ಮಾಡಿದ ಸಾಲಿನಲ್ಲೇ ಅದನ್ನು ವಿಂಡೋದಲ್ಲಿ ಕೂರಿಸುವ ‘ಪ್ಯಾಕ್’ ಅಥವಾ ‘ಗ್ರಿಡ್’ ಪೋಣಿಸಿ, ಇಡೀ ಸಾಲನ್ನು ಒಂದು ಹೆಸರಿಗೆ ಕೊಡುವುದು ತುಂಬಾ ಸಾಮಾನ್ಯವಾದ ತಪ್ಪು. ‘ಪ್ಯಾಕ್’ ಹಿಂದಿರುಗಿಸುವುದು ‘ನನ್’, ಹಾಗಾಗಿ ಹೆಸರಿನಲ್ಲಿ ಉಳಿಯುವುದೂ ‘ನನ್’. ಪೆಟ್ಟಿಗೆ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಬಟನ್ ಒತ್ತಿದಾಗ ಮಾತ್ರ ‘ನನ್‌ಟೈಪ್‌ಗೆ ಗೆಟ್ ಇಲ್ಲ’ ಎಂಬ ಎರರ್ ಬರುತ್ತದೆ. ಮೊದಲ ಸಾಲಿನಲ್ಲಿ ಪೆಟ್ಟಿಗೆ ಮಾಡಿ ಹೆಸರಿಡಿ, ಎರಡನೆಯ ಸಾಲಿನಲ್ಲಿ ಅದನ್ನು ‘ಪ್ಯಾಕ್’ ಮಾಡಿ.

ಹಲವು ಸಾಲಿನ ಬರಹಕ್ಕೆ ‘ಟೆಕ್ಸ್ಟ್’ ವಿಜೆಟ್, ಸ್ಕ್ರಾಲ್‌ಬಾರ್ ಸಹಿತ ಬೇಕಾದರೆ ‘ಸ್ಕ್ರಾಲ್ಡ್‌ಟೆಕ್ಸ್ಟ್’. ಇದರ ‘ಗೆಟ್’ಗೆ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಲೇಬೇಕು. ಆರಂಭ ‘1.0’. ಸಾಲುಗಳ ಎಣಿಕೆ 1ರಿಂದ, ಸಾಲಿನೊಳಗಿನ ಅಕ್ಷರಗಳ ಎಣಿಕೆ 0ಯಿಂದ. ಕೊನೆಗೆ ‘ಎಂಡ್’ ಎಂದಷ್ಟೇ ಕೊಟ್ಟರೆ, ಟಿಕೆ (ಟಿಕಿಂಟರ್‌ನ ಒಳಗಿರುವ ಮೂಲ ಲೈಬ್ರರಿ) ತಾನಾಗಿ ಇಟ್ಟುಕೊಂಡಿರುವ ಒಂದು ಹೊಸಸಾಲಿನ ಚಿಹ್ನೆಯೂ ಬಾಲದಂತೆ ಬರುತ್ತದೆ. ಏನೂ ಬರೆಯದ ಪೆಟ್ಟಿಗೆಯೂ ಆಗ ಖಾಲಿ ಎನ್ನಿಸುವುದಿಲ್ಲ. ಕಡತಕ್ಕೆ ಉಳಿಸಿ, ಮತ್ತೆ ತೆರೆದು, ಮತ್ತೆ ಉಳಿಸುತ್ತಾ ಹೋದರೆ ಪ್ರತಿ ಸಲ ಕೆಳಗೊಂದು ಖಾಲಿ ಸಾಲು ಬೆಳೆಯುತ್ತದೆ. ‘ಎಂಡ್ ಮೈನಸ್ 1ಸಿ’ ಎಂದು ಕೊಟ್ಟರೆ, ಅಂದರೆ ಕೊನೆಯಿಂದ ಒಂದು ಅಕ್ಷರ ಹಿಂದೆ, ಈ ತೊಂದರೆ ಇಲ್ಲ. ಕ್ಯೂಟಿಯ ‘ಪ್ಲೇನ್‌ಟೆಕ್ಸ್ಟ್‌ಎಡಿಟ್’ ಮತ್ತು ಸ್ವಿಂಗ್‌ನ ‘ಟೆಕ್ಸ್ಟ್‌ಏರಿಯಾ’ ಈ ಹೆಚ್ಚುವರಿ ಚಿಹ್ನೆಯನ್ನು ಕೊಡುವುದಿಲ್ಲ.

‘ಟೆಕ್ಸ್ಟ್’ನಲ್ಲಿ ಟ್ಯಾಬ್ ಒತ್ತಿದರೆ ಮುಂದಿನ ಪೆಟ್ಟಿಗೆಗೆ ಹೋಗುವುದಿಲ್ಲ, ಟ್ಯಾಬ್ ಚಿಹ್ನೆಯೇ ಬರಹದೊಳಗೆ ಬೀಳುತ್ತದೆ. ಎಂಟರ್ ಹೊಸ ಸಾಲು ಮಾಡುತ್ತದೆ. ಇಲ್ಲಿ ಎಂಟರನ್ನು ‘ಕಳುಹಿಸು’ ಎಂಬ ಕೆಲಸಕ್ಕೆ ಹಚ್ಚಬೇಡಿ. ಕಂಟ್ರೋಲ್ ಜೊತೆಗಿನ ಎಂಟರನ್ನು ಹಚ್ಚಿ, ಅದಕ್ಕೆ ಕಟ್ಟಿದ ಫಂಕ್ಷನ್ನಿನ ಕೊನೆಯಲ್ಲಿ ‘ಬ್ರೇಕ್’ ಎಂಬ ಸ್ಟ್ರಿಂಗ್ ಹಿಂದಿರುಗಿಸಿ. ಇಲ್ಲದಿದ್ದರೆ ಕಳುಹಿಸುವುದರ ಜೊತೆಗೆ ಹೊಸ ಸಾಲೂ ಬೀಳುತ್ತದೆ.

ಉತ್ತರ ಹತ್ತಿಪ್ಪತ್ತು ಗೊತ್ತಿರುವ ಹೆಸರುಗಳಲ್ಲಿ ಒಂದಾಗಿದ್ದರೆ ಬರೆಯಲು ಬಿಡುವುದೇ ಬೇಡ. ‘ಕಾಂಬೋಬಾಕ್ಸ್’ ಹಾಕಿ ‘ರೀಡ್‌ಓನ್ಲಿ’ ಮಾಡಿ. ಏನೂ ಆರಿಸದಿದ್ದರೆ ‘ಕರೆಂಟ್’ ಕೊಡುವುದು ಮೈನಸ್ 1. ಪೈಥಾನ್ ಪಟ್ಟಿಯಲ್ಲಿ ಮೈನಸ್ 1 ಎಂದರೆ ಕೊನೆಯ ಹೆಸರು! ಪರೀಕ್ಷಿಸದೆ ಬಳಸಿದರೆ ಯಾರೂ ಆರಿಸದ ಕೊನೆಯ ಹೆಸರು ಸದ್ದಿಲ್ಲದೆ ದಾಖಲಾಗುತ್ತದೆ, ಎರರ್ ಕೂಡ ಬರುವುದಿಲ್ಲ.

ಅಂಕಿಗೆ ‘ಸ್ಪಿನ್‌ಬಾಕ್ಸ್’ ಚೆಂದ, ಆದರೆ ಅದರ ಹೆಸರು ನೋಡಿ ಮೋಸಹೋಗಬೇಡಿ. ಟಿಕಿಂಟರ್‌ನದ್ದರಲ್ಲಿ ಬಾಣದ ಗುರುತುಗಳು ಮಿತಿ ಪಾಲಿಸುತ್ತವೆ, ಕೀಬೋರ್ಡ್‌ನಿಂದ ಮಾತ್ರ ಏನು ಬೇಕಾದರೂ ಬರೆಯಬಹುದು. ಕ್ಯೂಟಿಯದು ನಿಜವಾಗಿಯೂ ಅಂಕಿಯನ್ನೇ ಹಿಡಿದಿಡುತ್ತದೆ, ಓದಿದಾಗ ಸಿಗುವುದೂ ಅಂಕಿಯೇ. ಆದರೆ ಅದರ ಮಿತಿ ತಾನಾಗಿ 0ಯಿಂದ 99. ನೀವು ಕೋಡ್‌ನಿಂದ 250 ಇಟ್ಟರೆ ತೆಪ್ಪಗೆ 99 ಆಗುತ್ತದೆ. ‘ಸೆಟ್‌ರೇಂಜ್’ ಮೊದಲು, ‘ಸೆಟ್‌ವ್ಯಾಲ್ಯೂ’ ಆಮೇಲೆ.

ಪಾಸ್‌ವರ್ಡ್‌ಗೆ ಟಿಕಿಂಟರ್ ‘ಎಂಟ್ರಿ’ಯಲ್ಲಿ ‘ಶೋ’ಗೆ ನಕ್ಷತ್ರ ಚಿಹ್ನೆ ಕೊಡಿ. ತೆರೆಯ ಮೇಲೆ ಮಾತ್ರ ನಕ್ಷತ್ರ, ‘ಗೆಟ್’ ನಿಜವಾದ ಅಕ್ಷರಗಳನ್ನೇ ಕೊಡುತ್ತದೆ. ಪಾಸ್‌ವರ್ಡ್‌ನ ತುದಿಯ ಖಾಲಿ ಜಾಗವನ್ನು ಕತ್ತರಿಸಬೇಡಿ, ಅದೂ ಪಾಸ್‌ವರ್ಡ್‌ನ ಭಾಗವಾಗಿರಬಹುದು.

ಇನ್ನೊಂದು ವಿಷಯ: ಟಿಕೆ 8.6ರ ‘ಎಂಟ್ರಿ’ಗೆ ಪ್ಲೇಸ್‌ಹೋಲ್ಡರ್ (ಖಾಲಿ ಪೆಟ್ಟಿಗೆಯಲ್ಲಿ ಮಸುಕಾಗಿ ಕಾಣುವ ಸುಳಿವು) ಇಲ್ಲ. ಹಾಗಾಗಿ ‘ಹೆಸರು ಬರೆಯಿರಿ’ ಎಂದು ಬೂದು ಬಣ್ಣದಲ್ಲಿ ತಾವೇ ತುಂಬಿಸಿ, ಕ್ಲಿಕ್ ಮಾಡಿದಾಗ ಅಳಿಸುವ ಉಪಾಯ ಹಲವರು ಮಾಡುತ್ತಾರೆ. ‘ಗೆಟ್’ಗೆ ಬಣ್ಣ ತಿಳಿಯದು. ಬಳಕೆದಾರರು ಪೆಟ್ಟಿಗೆ ಮುಟ್ಟದೇ ಇದ್ದರೆ ‘ಹೆಸರು ಬರೆಯಿರಿ’ ಎಂಬುದೇ ಅವರ ಹೆಸರಾಗಿ ಉಳಿಯುತ್ತದೆ. ಪಕ್ಕದಲ್ಲೊಂದು ಲೇಬಲ್ ಇಡುವುದು ಮೇಲು. ಕ್ಯೂಟಿಯಲ್ಲಿ ‘ಸೆಟ್‌ಪ್ಲೇಸ್‌ಹೋಲ್ಡರ್‌ಟೆಕ್ಸ್ಟ್’ ಇದೆ, ಅದು ಓದುವಾಗ ಸೇರಿಬರುವುದಿಲ್ಲ.

ಯಾವ ಗಳಿಗೆಯಲ್ಲಿ ಓದಬೇಕು

ಬಟನ್ ಒತ್ತಿದಾಗ ಓದುವುದೇ ಹೆಚ್ಚಿನ ಪ್ರೋಗ್ರಾಂಗಳಿಗೆ ಸರಿ. ಬರೆದದ್ದು ಮುಗಿಯಿತೆಂದು ಬಳಕೆದಾರರೇ ಹೇಳುವ ಗಳಿಗೆ ಅದು. ಬಟನ್‌ನ ‘ಕಮಾಂಡ್’ಗೆ ಫಂಕ್ಷನ್‌ನ ಹೆಸರನ್ನಷ್ಟೇ ಕೊಡಿ. ಪಕ್ಕದಲ್ಲಿ ಆವರಣ ಹಾಕಿದರೆ ಬಟನ್ ಹುಟ್ಟುವಾಗಲೇ ಫಂಕ್ಷನ್ ಓಡಿ ಖಾಲಿ ಪೆಟ್ಟಿಗೆ ಓದುತ್ತದೆ, ಆಮೇಲೆ ಎಷ್ಟು ಒತ್ತಿದರೂ ಬಟನ್ ಸುಮ್ಮನಿರುತ್ತದೆ.

ಇದೇ ಫಂಕ್ಷನ್ನನ್ನು ಎಂಟರ್‌ಗೂ ಕಟ್ಟಿಕೊಡಿ. ಟೈಪ್ ಮಾಡುತ್ತಿರುವವರ ಕೈ ಮೌಸ್‌ಗೆ ಹೋಗಬೇಕಾಗಿಲ್ಲ. ಹೀಗೆ ಕೀಲಿಗೆ ಕಟ್ಟುವ ‘ಬೈಂಡ್’ ಮಾಡಿದ ಫಂಕ್ಷನ್‌ಗೆ, ಏನಾಯಿತೆಂದು ತಿಳಿಸುವ ಒಂದು ‘ಇವೆಂಟ್’ ಅನ್ನು ಟಿಕಿಂಟರ್ ಕಳಿಸುತ್ತದೆ, ಬಟನ್ ಏನನ್ನೂ ಕಳಿಸುವುದಿಲ್ಲ. ಎರಡಕ್ಕೂ ಒಂದೇ ಫಂಕ್ಷನ್ ಒಗ್ಗಬೇಕಾದರೆ ‘ಇವೆಂಟ್’ಗೆ ಮೊದಲೇ ‘ನನ್’ ಎಂದು ಬೆಲೆ ಕೊಟ್ಟಿಡಿ. ಲಿನಕ್ಸ್‌ನಲ್ಲಿ ಅಂಕಿಗಳ ಪ್ಯಾಡ್‌ನ ಎಂಟರ್‌ಗೆ ಬೇರೆಯೇ ಹೆಸರಿದೆ, ‘ಕೆಪಿ ಎಂಟರ್’. ಲೆಕ್ಕದ ಪ್ರೋಗ್ರಾಂ ಆದರೆ ಅದನ್ನೂ ಕಟ್ಟಿ, ಅಂಕಿ ಬರೆಯುವವರ ಬೆರಳು ಇರುವುದೇ ಅಲ್ಲಿ.

ಕ್ಯೂಟಿಯ ಡೈಲಾಗ್ ವಿಂಡೋದಲ್ಲಿ ಎಂಟರ್ ಒತ್ತಿದರೆ ಸಂಬಂಧವೇ ಇಲ್ಲದ ಬಟನ್ ಒತ್ತಿದಂತಾಗುವುದುಂಟು. ಅಲ್ಲಿ ಬಟನ್‌ಗಳಿಗೆ ‘ಆಟೋಡಿಫಾಲ್ಟ್’ ತಾನಾಗಿ ಇರುವುದೇ ಕಾರಣ. ಬೇಡದವಕ್ಕೆ ಅದನ್ನು ತೆಗೆದುಹಾಕಿ, ಬೇಕಾದ ಒಂದನ್ನು ‘ಡಿಫಾಲ್ಟ್’ ಮಾಡಿ.

ಒಂದೊಂದು ಅಕ್ಷರಕ್ಕೂ ಓದುವುದು ಹುಡುಕಾಟದ ಪೆಟ್ಟಿಗೆಗೆ, ಅಕ್ಷರ ಎಣಿಸಿ ತೋರಿಸುವುದಕ್ಕೆ ಬೇಕು. ಇಲ್ಲಿ ಮೂರು ದಾರಿಗಳಿವೆ, ಒಂದೇ ಪೂರ್ತಿ ಸರಿ. ‘ಕೀ’ ಇವೆಂಟ್‌ಗೆ ಕಟ್ಟಿದರೆ 1 ಒತ್ತಿದಾಗ ‘ಗೆಟ್’ ಖಾಲಿ ಕೊಡುತ್ತದೆ. ಮುಂದೆ 2 ಒತ್ತಿದಾಗ 1 ಎಂದಷ್ಟೇ ಕೊಡುತ್ತದೆ. ಕಾರಣವಿಷ್ಟೇ: ನೀವು ಕಟ್ಟಿದ ಫಂಕ್ಷನ್ ಮೊದಲು ಓಡುತ್ತದೆ, ಅಕ್ಷರವನ್ನು ಪೆಟ್ಟಿಗೆಗೆ ಸೇರಿಸುವ ಟಿಕೆಯ ಸ್ವಂತ ಕೆಲಸ ಆಮೇಲೆ. ‘ಕೀರಿಲೀಸ್’ಗೆ ಕಟ್ಟಿದರೆ ಅದು ಸರಿಹೋಗುತ್ತದೆ, ಆದರೆ ಮೌಸ್‌ನಿಂದ ಅಂಟಿಸಿದ್ದು ಗೊತ್ತೇ ಆಗುವುದಿಲ್ಲ. ‘ಸ್ಟ್ರಿಂಗ್‌ವಾರ್’ (ಪೆಟ್ಟಿಗೆಯ ಬರಹಕ್ಕೆ ಜೋಡಿಸುವ ಟಿಕಿಂಟರ್ ವೇರಿಯಬಲ್) ಒಂದನ್ನು ಪೆಟ್ಟಿಗೆಯ ‘ಟೆಕ್ಸ್ಟ್‌ವೇರಿಯಬಲ್’ಗೆ ಕೊಟ್ಟು, ಅದಕ್ಕೆ ‘ಟ್ರೇಸ್ ಆ್ಯಡ್’ನಿಂದ ‘ರೈಟ್’ ಎಂದು ಫಂಕ್ಷನ್ ಕಟ್ಟಿದರೆ ಬರೆದದ್ದು, ಅಳಿಸಿದ್ದು, ಅಂಟಿಸಿದ್ದು ಎಲ್ಲವೂ ಸಿಗುತ್ತದೆ. ಆ ಫಂಕ್ಷನ್‌ಗೆ ಮೂರು ಬೆಲೆಗಳು ಬರುತ್ತವೆ, ಮೂರಕ್ಕೂ ಜಾಗ ಇಡಿ. ‘ಟೆಕ್ಸ್ಟ್’ ವಿಜೆಟ್‌ಗೆ ಮಾತ್ರ ‘ಸ್ಟ್ರಿಂಗ್‌ವಾರ್’ ಕೊಡಲು ಬರುವುದಿಲ್ಲ.

‘ಸ್ಟ್ರಿಂಗ್‌ವಾರ್’ ಸದಾ ಖಾಲಿ ಬರುತ್ತಿದ್ದರೆ ಕೋಡ್‌ನಲ್ಲಿ ಮುಖ್ಯ ವಿಂಡೋ ಹುಟ್ಟಿಸುವ ‘ಟಿಕೆ’ ಎಂಬುದನ್ನು ಎಷ್ಟು ಬಾರಿ ಕರೆದಿದ್ದೀರಿ ಎಂದು ಹುಡುಕಿ. ಎರಡನೆಯ ವಿಂಡೋಗೂ ‘ಟಿಕೆ’ ಕರೆದರೆ ಅಲ್ಲಿ ಪೂರ್ತಿ ಬೇರೆಯದೊಂದು ಲೋಕ ಹುಟ್ಟುತ್ತದೆ. ನಿಮ್ಮ ವೇರಿಯಬಲ್ ಮೊದಲ ಲೋಕದ್ದು, ಪೆಟ್ಟಿಗೆ ಎರಡನೆಯದರದ್ದು. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಲುಪುವುದಿಲ್ಲ. ಎರಡನೆಯ ವಿಂಡೋಗೆ ‘ಟಾಪ್‌ಲೆವೆಲ್’ ಬಳಸಿ.

ಪ್ರತಿ ಅಕ್ಷರಕ್ಕೂ ಭಾರಿ ಕೆಲಸ, ಅಂದರೆ ದೊಡ್ಡ ಪಟ್ಟಿಯಲ್ಲಿ ಹುಡುಕುವುದೋ ಕಡತ ಓದುವುದೋ, ಮಾಡಿಸಿದರೆ ಟೈಪಿಂಗ್ ತಡವರಿಸುತ್ತದೆ. ‘ಆಫ್ಟರ್’ ಬಳಸಿ 300 ಮಿಲಿಸೆಕೆಂಡ್ ಬಿಟ್ಟು ಓಡುವಂತೆ ಇಡಿ. ಅಷ್ಟರಲ್ಲಿ ಮತ್ತೊಂದು ಅಕ್ಷರ ಬಂದರೆ ಹಿಂದಿನದನ್ನು ‘ಆಫ್ಟರ್ ಕ್ಯಾನ್ಸಲ್’ನಿಂದ ರದ್ದು ಮಾಡಿ ಹೊಸದಾಗಿ ಇಡಿ. ‘ಸ್ಲೀಪ್’ ಮಾತ್ರ ಬಳಸಲೇಬೇಡಿ, ವಿಂಡೋ ಅಷ್ಟು ಹೊತ್ತು ಮರಗಟ್ಟಿ ನಿಲ್ಲುತ್ತದೆ.

ಪೆಟ್ಟಿಗೆ ಬಿಟ್ಟು ಹೋದಾಗ ಓದುವ ‘ಫೋಕಸ್‌ಔಟ್’ ದಾರಿ ಕೇಳಲು ಅಚ್ಚುಕಟ್ಟಾಗಿದೆ, ಅದೊಂದನ್ನೇ ನಂಬಬೇಡಿ. ಟಿಕಿಂಟರ್‌ನ ಸಾಮಾನ್ಯ ಬಟನ್ ಮೇಲೆ ಮೌಸ್ ಒತ್ತಿದರೆ ಫೋಕಸ್, ಅಂದರೆ ಕೀಬೋರ್ಡ್‌ನಲ್ಲಿ ಒತ್ತಿದ್ದು ಸೇರುವ ಜಾಗ, ಬಟನ್‌ಗೆ ಹೋಗುವುದಿಲ್ಲ, ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕೊನೆಯ ಪೆಟ್ಟಿಗೆಯಲ್ಲಿ ತಪ್ಪು ಬರೆದು ನೇರ ‘ಉಳಿಸು’ ಒತ್ತಿದರೆ ‘ಫೋಕಸ್‌ಔಟ್’ ಪರೀಕ್ಷೆ ಓಡುವುದೇ ಇಲ್ಲ. ಕ್ಯೂಟಿ 5ರ ‘ಎಡಿಟಿಂಗ್‌ಫಿನಿಶ್ಡ್’ನಲ್ಲಿ ಇದರ ತಿರುಗುಮುರುಗು: ಎಂಟರ್‌ಗೂ ಬರುತ್ತದೆ, ಫೋಕಸ್ ಹೋದಾಗಲೂ ಬರುತ್ತದೆ. ಎಂಟರ್ ಒತ್ತಿದಾಗ ನೀವು ಎಚ್ಚರಿಕೆಯ ಡೈಲಾಗ್ ತೆರೆದರೆ ಫೋಕಸ್ ಹೋಗಿ ಅದೇ ಎಚ್ಚರಿಕೆ ಎರಡು ಸಲ ಬರುತ್ತದೆ. ಎಂಟರ್ ಮಾತ್ರ ಬೇಕಿದ್ದರೆ ‘ರಿಟರ್ನ್‌ಪ್ರೆಸ್ಡ್’ ತೆಗೆದುಕೊಳ್ಳಿ.

ತಡೆಯುವುದೋ, ಆಮೇಲೆ ಪರೀಕ್ಷಿಸುವುದೋ

ತಪ್ಪು ಅಕ್ಷರ ಪೆಟ್ಟಿಗೆಗೆ ಬೀಳದಂತೆಯೇ ತಡೆಯುವುದು ಒಂದು ರೀತಿ. ಬರೆಯಲು ಬಿಟ್ಟು ಬಟನ್ ಒತ್ತಿದಾಗ ಪರೀಕ್ಷಿಸುವುದು ಇನ್ನೊಂದು. ನಮ್ಮ ಅಭಿಪ್ರಾಯ ಸ್ಪಷ್ಟ: ಸರಳ ಪ್ರೋಗ್ರಾಂಗೆ ಎರಡನೆಯದೇ ಒಳ್ಳೆಯದು.

ತಡೆಯುವ ದಾರಿ ಏಕೆ ಕಷ್ಟ ಎಂಬುದನ್ನು ಹತ್ತಿರದಿಂದ ನೋಡಿ. ಟಿಕಿಂಟರ್‌ನಲ್ಲಿ ‘ವ್ಯಾಲಿಡೇಟ್’ಗೆ ‘ಕೀ’ ಎಂದೂ, ‘ವ್ಯಾಲಿಡೇಟ್‌ಕಮಾಂಡ್’ಗೆ ‘ರಿಜಿಸ್ಟರ್’ ಮಾಡಿದ ಫಂಕ್ಷನ್ ಜೊತೆ ಪರ್ಸೆಂಟ್ ಮತ್ತು ಕ್ಯಾಪಿಟಲ್ ಪಿ ಎಂಬ ಗುರುತನ್ನೂ ಕೊಡಬೇಕು. ಈ ಅಕ್ಷರ ಬಿಟ್ಟರೆ ಪೆಟ್ಟಿಗೆ ಹೇಗಿರುತ್ತದೆ ಎಂಬುದನ್ನು ಆ ಗುರುತು ತಂದುಕೊಡುತ್ತದೆ. ಫಂಕ್ಷನ್‌ನಲ್ಲಿ ‘ಇಸ್‌ಡಿಜಿಟ್’ ಎಂದಷ್ಟೇ ಪರೀಕ್ಷಿಸಿದಿರಿ ಎನ್ನಿ. ಬಳಕೆದಾರರು 5 ಎಂದು ಬರೆದು ಅಳಿಸಲು ಹೋದರೆ ಅಳಿಯುವುದಿಲ್ಲ! ಅಳಿಸಿದ ಮೇಲೆ ಉಳಿಯುವ ಖಾಲಿ ಸ್ಟ್ರಿಂಗ್‌ಗೆ ‘ಇಸ್‌ಡಿಜಿಟ್’ ಸುಳ್ಳು ಎನ್ನುತ್ತದೆ. ಮೈನಸ್ 5 ಬರೆಯಲಾಗದು, ಮೊದಲು ಬರುವ ಮೈನಸ್ ಒಂಟಿಯಾಗಿ ಅಂಕಿಯಲ್ಲ. ಅರ್ಧ ಬರೆದದ್ದು ಯಾವಾಗಲೂ ತಪ್ಪಾಗಿಯೇ ಕಾಣುತ್ತದೆ, ಹಾಗಾಗಿ ಅರ್ಧ ಬರಹಕ್ಕೂ ಒಪ್ಪಿಗೆ ಕೊಡಬೇಕು. ಫಂಕ್ಷನ್ ಯಾವುದೋ ಕವಲಿನಲ್ಲಿ ‘ಟ್ರೂ’ ಅಥವಾ ‘ಫಾಲ್ಸ್’ ಹಿಂದಿರುಗಿಸಲು ಮರೆತರೆ ಟಿಕೆ ಪರೀಕ್ಷೆಯನ್ನೇ ನಿಲ್ಲಿಸಿಬಿಡುತ್ತದೆ, ಅಲ್ಲಿಂದ ಮುಂದೆ ಏನು ಬೇಕಾದರೂ ಒಳಗೆ ಹೋಗುತ್ತದೆ. ಒಂದೇ ಪೆಟ್ಟಿಗೆಗೆ ‘ಟೆಕ್ಸ್ಟ್‌ವೇರಿಯಬಲ್’ ಮತ್ತು ‘ವ್ಯಾಲಿಡೇಟ್‌ಕಮಾಂಡ್’ ಎರಡನ್ನೂ ಹಾಕಬೇಡಿ, ಒಂದು ಇನ್ನೊಂದನ್ನು ಕೆಡಿಸುತ್ತದೆ.

ಕ್ಯೂಟಿಯವರು ಈ ಅರ್ಧ ಬರಹದ ಸಮಸ್ಯೆಯನ್ನು ಮುಂಚೆಯೇ ಯೋಚಿಸಿದ್ದಾರೆ. ಅವರ ವ್ಯಾಲಿಡೇಟರ್ ಎರಡಲ್ಲ, ಮೂರು ಉತ್ತರ ಕೊಡುತ್ತದೆ: ಒಪ್ಪಿತ, ಮಧ್ಯದ ಸ್ಥಿತಿ, ತಪ್ಪು. ಮಧ್ಯದ ಸ್ಥಿತಿಯಲ್ಲಿದ್ದಾಗ ‘ರಿಟರ್ನ್‌ಪ್ರೆಸ್ಡ್’ ಬರುವುದಿಲ್ಲ. ಎಂಟರ್ ಏಕೆ ಕೆಲಸ ಮಾಡುತ್ತಿಲ್ಲ ಎಂದು ಬಳಕೆದಾರರು ಕಕ್ಕಾಬಿಕ್ಕಿಯಾಗದಂತೆ ಪಕ್ಕದಲ್ಲಿ ಕಾರಣ ತೋರಿಸಬೇಕು. ಕ್ಯೂಟಿ ಪೆಟ್ಟಿಗೆಯಲ್ಲಿರುವುದನ್ನು ಓದುವ ‘ಟೆಕ್ಸ್ಟ್’ ಕರೆದರೆ ಮಧ್ಯದ ಸ್ಥಿತಿಯ ಬರಹವೂ ಬರುತ್ತದೆ, ಬಟನ್‌ನಲ್ಲಿ ‘ಹ್ಯಾಸ್‌ಆಕ್ಸೆಪ್ಟಬಲ್‌ಇನ್‌ಪುಟ್’ ಕೇಳದೆ ಮುಂದುವರಿಯಬೇಡಿ. ಸ್ವಿಂಗ್‌ನಲ್ಲಿ ತಡೆಯಲು ‘ಡಾಕ್ಯುಮೆಂಟ್‌ಫಿಲ್ಟರ್’ ಇದೆ. ‘ಡಾಕ್ಯುಮೆಂಟ್‌ಲಿಸನರ್’ ಒಳಗಿನಿಂದಲೇ ಪಠ್ಯ ಬದಲಿಸಲು ಹೋದರೆ ಎರರ್ ಬರುತ್ತದೆ, ಅದು ನೋಡುವುದಕ್ಕೆ ಮಾತ್ರ.

ಬಟನ್ ಒತ್ತಿದಾಗಿನ ಪರೀಕ್ಷೆ ಸಲೀಸು. ಓದಿ, ‘ಸ್ಟ್ರಿಪ್’ನಿಂದ ತುದಿಗಳ ಖಾಲಿ ಜಾಗ ತೆಗೆದು, ‘ಟ್ರೈ’ಯೊಳಗೆ ‘ಇಂಟ್’ ಅಥವಾ ‘ಫ್ಲೋಟ್’ ಕರೆಯಿರಿ, ‘ವ್ಯಾಲ್ಯೂಎರರ್’ ಬಂದರೆ ಪೆಟ್ಟಿಗೆಯ ಕೆಳಗಿನ ಲೇಬಲ್‌ನಲ್ಲಿ ಹೇಳಿ, ಫೋಕಸ್ ಆ ಪೆಟ್ಟಿಗೆಗೇ ಕೊಡಿ. ಬರೆದದ್ದನ್ನು ಅಳಿಸಬೇಡಿ, ಹದಿನೈದು ಅಂಕಿಯಲ್ಲಿ ಒಂದು ತಪ್ಪಾದವರಿಗೆ ಆ ಒಂದನ್ನೇ ತಿದ್ದಲು ಬಿಡಿ. ‘ತಪ್ಪು ಇನ್‌ಪುಟ್’ ಎಂದರೆ ಯಾರಿಗೂ ಏನೂ ತಿಳಿಯದು, ‘1ರಿಂದ 120ರೊಳಗಿನ ಅಂಕಿ ಬರೆಯಿರಿ’ ಎಂದರೆ ತಿಳಿಯುತ್ತದೆ.

‘ಸ್ಟ್ರಿಂಗ್‌ವಾರ್’ ಬದಲು ‘ಇಂಟ್‌ವಾರ್’ ಹಾಕಿದರೆ ಅಂಕಿ ನೇರ ಸಿಗುತ್ತದಲ್ಲ ಎನ್ನಿಸಬಹುದು. ಪೆಟ್ಟಿಗೆ ಖಾಲಿ ಇದ್ದಾಗ ಅದರ ‘ಗೆಟ್’ ‘ಟಿಸಿಎಲ್‌ಎರರ್’ ಎಸೆಯುತ್ತದೆ, ‘ವ್ಯಾಲ್ಯೂಎರರ್’ ಹಿಡಿಯುವ ಕೋಡ್‌ಗೆ ಅದು ಸಿಕ್ಕುವುದಿಲ್ಲ. ಬರಹದ ಪೆಟ್ಟಿಗೆಗೆ ‘ಸ್ಟ್ರಿಂಗ್‌ವಾರ್’ ಇಟ್ಟು ನೀವೇ ಅಂಕಿ ಮಾಡಿಕೊಳ್ಳಿ.

‘ಇಂಟ್’, ‘ಫ್ಲೋಟ್’ ಒಪ್ಪುವುದೆಲ್ಲ ನಿಮಗೆ ಒಪ್ಪಿಗೆಯೇ ಎಂಬುದನ್ನೂ ನೋಡಿಕೊಳ್ಳಿ. ‘ಫ್ಲೋಟ್’ಗೆ ‘ನ್ಯಾನ್’ ಮತ್ತು ‘ಇನ್ಫ್’ ಎಂಬ ಇಂಗ್ಲಿಷ್ ಅಕ್ಷರಗಳೂ ಸರಿಯಾದ ಅಂಕಿಗಳೇ. ‘ನ್ಯಾನ್’ ಯಾವ ಮಿತಿಗೂ ಹೋಲಿಸಿದರೆ ಸುಳ್ಳು ಎನ್ನುವುದರಿಂದ ‘120ಕ್ಕಿಂತ ಹೆಚ್ಚಿದ್ದರೆ ಬೇಡ’ ಎಂಬ ಪರೀಕ್ಷೆಯನ್ನು ದಾಟಿ ಒಳಗೆ ಬರುತ್ತದೆ. ‘1ರಿಂದ 120ರೊಳಗಿದ್ದರೆ ಮಾತ್ರ ಸರಿ’ ಎಂದು ತಿರುಗಿಸಿ ಬರೆದರೆ ಸಿಕ್ಕಿಬೀಳುತ್ತದೆ. 1,500 ಎಂದು ಅಲ್ಪವಿರಾಮ ಹಾಕಿ ಬರೆದರೆ ಎರಡೂ ಫಂಕ್ಷನ್‌ಗಳು ನಿರಾಕರಿಸುತ್ತವೆ.

ಕನ್ನಡದಲ್ಲಿ ಬರೆದಾಗ

ಬಳಕೆದಾರರು ೧೨ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಪೈಥಾನ್‌ನ ‘ಇಂಟ್’ ಅದನ್ನು 12 ಎಂದೇ ಓದುತ್ತದೆ, ಏನೂ ಮಾಡಬೇಕಿಲ್ಲ. ಹಾಗೆಂದು ‘ಇಸ್‌ಡಿಜಿಟ್’ ನಂಬಬೇಡಿ: ಮೇಲೆ ಬರೆಯುವ ವರ್ಗದ 2ನ್ನು (²) ಅದು ಅಂಕಿ ಎನ್ನುತ್ತದೆ, ‘ಇಂಟ್’ ಮಾತ್ರ ಒಪ್ಪುವುದಿಲ್ಲ. ‘ಇಸ್‌ಡೆಸಿಮಲ್’ ಬಳಸಿದರೆ ಎರಡೂ ಹೊಂದುತ್ತವೆ.

ಉದ್ದದ ಮಿತಿ ಇಡುವಾಗ ‘ಲೆನ್’ ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ‘ಕ್ಷಮೆ’ ಎಂಬುದು ನಮಗೆ ಎರಡು ಅಕ್ಷರ, ‘ಲೆನ್’ಗೆ 5: ಕ, ಹಲಂತ, ಷ, ಮ, ಎಕಾರದ ಗುರುತು. ಹೆಸರಿಗೆ 10ರ ಮಿತಿ ಇಟ್ಟರೆ ಕನ್ನಡದ ಹೆಸರು ಒತ್ತಕ್ಷರದ ನಡುವೆ ತುಂಡಾಗಿ ಕೊನೆಗೊಂದು ಹಲಂತ ನೇತಾಡಬಹುದು. ಮಿತಿಯನ್ನು ಧಾರಾಳವಾಗಿಡಿ.

ಕೀಬೋರ್ಡ್‌ಗಳು ಕೆಲವೆಡೆ ಅರ್ಕಾವೊತ್ತು, ಒತ್ತಕ್ಷರ ಬಿಡಿಸಲು ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಗಳನ್ನು ಸೇರಿಸುತ್ತವೆ. ಅವು ಖಾಲಿ ಜಾಗವಲ್ಲ, ‘ಸ್ಟ್ರಿಪ್’ ಅವನ್ನು ತೆಗೆಯುವುದಿಲ್ಲ. ‘ಕೋ’ ಎಂಬುದನ್ನೂ ಒಂದೇ ಸ್ವರಚಿಹ್ನೆಯಿಂದ ಅಥವಾ ಬಿಡಿ ಚಿಹ್ನೆಗಳನ್ನು ಪೋಣಿಸಿ ಎರಡು ರೀತಿ ಬರೆಯಬಹುದು. ತೆರೆಯಲ್ಲಿ ಒಂದೇ, ಹೋಲಿಸಿದರೆ ಬೇರೆ ಬೇರೆ. ಹುಡುಕಾಟಕ್ಕೆ ಮೊದಲು ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನ ‘ನಾರ್ಮಲೈಸ್’ ಕರೆದು, ಬಿಡಿ ಚಿಹ್ನೆಗಳನ್ನು ಕೂಡಿಸುವ ‘ಎನ್‌ಎಫ್‌ಸಿ’ ರೂಪಕ್ಕೆ ತನ್ನಿ. ಹುಡುಕುವ ಪದಕ್ಕೂ, ಉಳಿಸಿಟ್ಟ ಪಟ್ಟಿಗೂ, ಎರಡಕ್ಕೂ.

ಲಿನಕ್ಸ್‌ನಲ್ಲಿ ಟಿಕೆ 8.6 ಒತ್ತಕ್ಷರಗಳನ್ನು ಕೂಡಿಸಿ ತೋರಿಸದೆ ಬಿಡಿಬಿಡಿಯಾಗಿ ತೋರಿಸುತ್ತದೆ. ‘ಗೆಟ್’ ಕೊಡುವ ಪಠ್ಯ ಮಾತ್ರ ಸರಿಯಾಗಿಯೇ ಇರುತ್ತದೆ, ಕಡತಕ್ಕೆ ಯುಟಿಎಫ್-8ನಲ್ಲಿ ಉಳಿಸಿದರೆ ಬೇರೆಡೆ ಚೆನ್ನಾಗಿ ಕಾಣುತ್ತದೆ. ಆದರೆ ಬರೆಯುವಾಗಲೇ ಸರಿಯಾಗಿ ಕಾಣದ ಪೆಟ್ಟಿಗೆಯಲ್ಲಿ ಯಾರೂ ನೆಮ್ಮದಿಯಿಂದ ಬರೆಯಲಾರರು. ಇಂಗ್ಲಿಷ್ ಮತ್ತು ಅಂಕಿಗಳಷ್ಟೇ ಬೇಕಾದ ಸಣ್ಣ ಪ್ರೋಗ್ರಾಂಗೆ ಟಿಕಿಂಟರ್ ಸಾಕು. ಉಬುಂಟುವಿನಲ್ಲಿ ‘ಪೈಥಾನ್3-ಟಿಕೆ’ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಅಷ್ಟೇ. ಲಿನಕ್ಸ್‌ನಲ್ಲಿ ಕನ್ನಡ ಬರೆಸುವುದಾದರೆ ಮೊದಲ ದಿನವೇ ಕ್ಯೂಟಿಗೆ ಹೋಗಿ. ಅದು ಅಕ್ಷರ ಜೋಡಣೆಗೆ ಹಾರ್ಫ್‌ಬಝ್ ಎಂಬ ಲೈಬ್ರರಿ ಬಳಸುತ್ತದೆ, ಜಾವಾ ಕೂಡ 9ನೇ ಆವೃತ್ತಿಯಿಂದ ಅದನ್ನೇ ಬಳಸುತ್ತಿದೆ.